ಪುರಸಭೆಯವರು ನಮ್ಮ ಮನೆ ನೋಡಲು ಬಂದದ್ದು

ಮನೆಗೆ ಯಾರಾದರೂ ಬರುತ್ತಾರೆ ಎಂದ ಕೂಡಲೇ ನನ್ನ ಕಣ್ಣಿಗೆ ಬೀಳುವುದು ಗೋಡೆಯ ಕಲೆ. ಬರುವವರು ಯಾರು, ಯಾಕೆ ಬರುತ್ತಾರೆ, ಅವರಿಗೆ ಕಾಫಿಯೋ ಟೀಯೋ ಎಂಬುದೆಲ್ಲ ಆಮೇಲಿನ ಮಾತು. ಇದು ಹುಟ್ಟಿನಿಂದ ಬಂದದ್ದೋ ಕಸುಬಿನಿಂದ ಅಂಟಿಕೊಂಡದ್ದೋ ಹೇಳಲಾರೆ. ಕಡೂರಿನಲ್ಲಿ ನನ್ನದೊಂದು ಬಣ್ಣದ ಅಂಗಡಿ ಇದೆ. ಇಷ್ಟು ವರ್ಷ ಡಬ್ಬಿ ಕಲಕಿ ಕಲಕಿ, ಬಣ್ಣ ಬಳಿಯದ ವಸ್ತುವನ್ನು ಕಂಡರೆ ಅದು ಬಟ್ಟೆ ಹಾಕಿಕೊಳ್ಳದೆ ನಿಂತಿದೆ ಎನ್ನಿಸುವಷ್ಟು ನನ್ನ ತಲೆ ಕೆಟ್ಟಿದೆ. ಒಮ್ಮೆ ತೆಂಗಿನಕಾಯಿ ತುರಿಯುವ ಮಣೆಗೆ ಹಸಿರು ಎನಾಮಲ್ ಬಳಿದುಬಿಟ್ಟೆ. ಹದಿನೈದು ದಿನ ನಮ್ಮ ಮನೆಯ ಚಟ್ನಿಯೆಲ್ಲ ಟರ್ಪೆಂಟೈನ್ ವಾಸನೆ ಹೊಡೆಯಿತು. ನನ್ನ ಹೆಂಡತಿ ಶೈಲಾ ಬಂದ ನೆಂಟರ ಮುಂದೆಲ್ಲ ಹೇಳುವ ಮಾತು ಒಂದೇ: "ಎರಡು ನಿಮಿಷ ಅಲ್ಲಾಡ್ದೆ ನಿಂತ್ರೆ ನನಗೂ ಒಂದು ಕೋಟ್ ಹೊಡೆದ್ಬಿಡ್ತಾರೆ ನಮ್ಮನೆಯವರು." ನೆಂಟರು ನಗುತ್ತಾರೆ. ನಾನು ಆ ಹೊತ್ತಿನಲ್ಲಿ ಸಾಮಾನ್ಯವಾಗಿ ಕಿಟಕಿಯ ಸರಳಿನ ತುಕ್ಕು ನೋಡುತ್ತಿರುತ್ತೇನೆ.

ಇಂಥವನು ವಾಸವಾಗಿರುವುದು ಊರಿನ ಅತಿ ಹಳೆಯ ಮನೆಗಳಲ್ಲೊಂದರಲ್ಲಿ. ಮೊಳ ದಪ್ಪದ ಮಣ್ಣಿನ ಗೋಡೆ, ಮರದ ಕಂಬ, ತೊಲೆ, ಜಂತೆ, ಅದರ ಮೇಲೆ ಮಣ್ಣು ಹೊದಿಸಿದ ಮಾಳಿಗೆ. ಮನೆಯ ದಾಖಲೆಯಲ್ಲಿ ನನ್ನ ಹೆಸರಿದ್ದರೂ ನಿಜವಾದ ಯಜಮಾನಿ ನನ್ನ ಸೋದರತ್ತೆ ಗಂಗತ್ತೆ. ಅಪ್ಪನ ಅಕ್ಕ. ಇದೇ ಮನೆಯಲ್ಲಿ ಹುಟ್ಟಿದವಳು, ಮದುವೆಯಾಗಿ ಹೋದ ಎರಡೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ಇದೇ ಮನೆಗೆ ಹಿಂತಿರುಗಿದವಳು. ನನಗೆ ನಾಲ್ಕು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಅಂದಿನಿಂದ ನನಗೆ ತಲೆ ಬಾಚಿದ್ದು, ಉಣ್ಣಿಸಿದ್ದು, ಸ್ಕೂಲಿಗೆ ಎಳೆದುಕೊಂಡು ಹೋಗಿ ಬಿಟ್ಟದ್ದು ಎಲ್ಲ ಅತ್ತೆಯೇ. ಮಂಡಿ ಹಿಡಿದುಕೊಳ್ಳುವವರೆಗೂ ಪ್ರತಿ ದೀಪಾವಳಿಗೆ ಮುಂಚೆ ಇಡೀ ಮನೆಗೆ ತಾನೇ ಸುಣ್ಣ ಬಳಿದು, ಕೆಳಗೆ ಒಂದು ಗೇಣು ಕೆಮ್ಮಣ್ಣಿನ ಪಟ್ಟಿ ಎಳೆಯುತ್ತಿದ್ದಳು. ಮನೆಯಲ್ಲೇ ಬಣ್ಣದ ಅಂಗಡಿಯವನಿದ್ದರೂ ಅವನನ್ನು ಒಳಗಿನ ಗೋಡೆಯ ಹತ್ತಿರ ಬಿಟ್ಟುಕೊಂಡವಳಲ್ಲ.

ಕಳೆದ ಬೇಸಿಗೆಯಲ್ಲಿ ಪಡಸಾಲೆಯ ನಡುತೊಲೆ ಬಾಗಿತು. ಹುಳ ತಿಂದಿತ್ತು. ಅದರ ಕೆಳಗೇ ಅತ್ತೆಯ ಮಂಚ. ತಾತ್ಕಾಲಿಕವಾಗಿ ಒಂದು ಮರದ ಆಸರೆ ಕೊಟ್ಟು ಕಂಟ್ರಾಕ್ಟರನ್ನು ಕರೆಸಿದೆ. ಅವನು ತೊಲೆಯನ್ನು ಬೆರಳಲ್ಲಿ ಕುಟ್ಟಿ, ಉದುರಿದ ಪುಡಿಯನ್ನು ನನ್ನ ಅಂಗೈಗೆ ಹಾಕಿ, ಮಳೆ ಹಿಡಿಯುವುದರೊಳಗೆ ಪೂರ್ತಿ ಕೆಡವಿ ಕಾಂಕ್ರೀಟ್ ಮೋಲ್ಡ್ ಹಾಕಿಸಿ ಎಂದ. ಹಳೆಯ ರೀತಿಯಲ್ಲೇ ದುರಸ್ತಿ ಮಾಡಿಸಬೇಕೆಂದರೆ ಅಷ್ಟುದ್ದದ ತೇಗದ ತೊಲೆ ಬೇಕು, ಗಾರೆ ಕೆಲಸ ಬಲ್ಲವರು ಬೇಕು. ಎರಡೂ ನನ್ನ ಕೈಗೆ ಎಟುಕುವಂಥದ್ದಲ್ಲ. ಕೆಲಸ ಮುಗಿಯುವವರೆಗೆ ಅತ್ತೆಯನ್ನು ಬಾಡಿಗೆ ಮನೆಗೆ ಕರೆದುಕೊಂಡು ಹೋಗೋಣವೆಂದು ಮೆಲ್ಲಗೆ ಮಾತು ತೆಗೆದೆ. ಅವಳು ಕೋಪ ಮಾಡಿಕೊಳ್ಳಲಿಲ್ಲ. ಮಾಡಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. "ಕೆಡವು ಕಣೋ, ಬ್ಯಾಡ ಅನ್ನಲ್ಲ. ನಾನು ಹೋದ್ಮೇಲೆ ಕೆಡವು. ಬಾಳ ದಿನ ಏನು ಕಾಯ್ಸಲ್ಲ" ಎಂದು ಹೇಳಿ ಬತ್ತಿ ಹೊಸೆಯುತ್ತ ಕೂತಳು. ನಾನು ಅಂಗಡಿಗೆ ಹೋಗಿ, ಬಿಳಿ ಕೇಳಿದ ಗಿರಾಕಿಗೆ ಕಪ್ಪು ಕೊಟ್ಟು ಕಳಿಸಿದೆ.

ಆಗಲೇ ಕಂದಾಯ ಕಟ್ಟಲು ಹೋಗಿದ್ದ ಶೈಲಾ ಪುರಸಭೆಯಿಂದ ಸುದ್ದಿ ತಂದದ್ದು. ಊರಿನ ಹಳೆಯ ಮನೆಗಳನ್ನು ಉಳಿಸಿಕೊಳ್ಳುವವರಿಗೆ ಪುರಸಭೆ ನೆರವು ಕೊಡುತ್ತದಂತೆ. ಎಲ್ಲೆಲ್ಲೋ ಕೆಡವಿದ ಕಟ್ಟಡಗಳ ಗಟ್ಟಿ ತೊಲೆ, ಬಾಗಿಲು, ಕಂಬಗಳನ್ನು ಒಂದು ಶೆಡ್ಡಿನಲ್ಲಿ ಜೋಡಿಸಿಟ್ಟಿದ್ದಾರಂತೆ, ಬೇಕಾದ್ದನ್ನು ಕೊಡುತ್ತಾರಂತೆ. ಗಾರೆ ಕೆಲಸಕ್ಕೆ ತರಬೇತಿ ಕೊಟ್ಟ ಮೇಸ್ತ್ರಿಗಳನ್ನು ಕಳಿಸುತ್ತಾರಂತೆ, ಖರ್ಚಿನಲ್ಲಿ ಪಾಲು ಹಾಕುತ್ತಾರಂತೆ, ಮನೆ ಕಂದಾಯದಲ್ಲೂ ರಿಯಾಯಿತಿಯಂತೆ. ಬದಲಿಗೆ, ಹಳೆಯ ಭಾಗವನ್ನು ಅವರನ್ನು ಕೇಳದೆ ಮುಟ್ಟಬಾರದು. ಮೊದಲು ಪುರಸಭೆ ನೇಮಿಸಿದ ಸಮಿತಿಯವರು ಬಂದು ಮನೆಯ ಹಳೆಯ ಸ್ವರೂಪ ಉಳಿದಿದೆ ಎಂದು ಬರೆಯಬೇಕು, ಅಷ್ಟೆ. ಪಕ್ಕದ ಮನೆಯ ಕೊಬ್ಬರಿ ವ್ಯಾಪಾರಿ ಬಸಪ್ಪನವರಿಗೆ ಇದರಲ್ಲಿ ನಂಬಿಕೆ ಬರಲಿಲ್ಲ. "ಬರ್ಕೊಂಡು ಹೋದೋರು ಸುಮ್ನಿರ್ತಾರೇನಪ್ಪಾ? ನಾಳೆ ನಿನ್ನ ಮನೇನ ಮ್ಯೂಸಿಯಂ ಮಾಡಿ, ಜಗುಲಿ ಮೇಲೆ ಟಿಕೆಟ್ ಹರಿಯೋಕೆ ನಿನ್ನೇ ಕೂರಿಸ್ತಾರೆ ನೋಡ್ತಿರು" ಎಂದರು. ಅತ್ತೆ ತನ್ನ ಮಂಚದಲ್ಲೇ ಇರಬಹುದಾದರೆ ಟಿಕೆಟ್ಟಿನ ಜೊತೆ ಕಡಲೆಕಾಯಿಯನ್ನೂ ಮಾರಲು ನಾನು ತಯಾರಿದ್ದೆ. ಮನೆಯ ಫೋಟೋ ಲಗತ್ತಿಸಿ ಅರ್ಜಿ ಹಾಕಿದೆ.

ಒಂದು ವಾರದಲ್ಲಿ ನೋಟಿಸು ಬಂತು. ಸಮಿತಿ ಬರುವ ದಿನವನ್ನು ತಿಳಿಸಿ, ಕೆಳಗೆ ‘ಮನೆಯನ್ನು ಇದ್ದ ಸ್ಥಿತಿಯಲ್ಲಿಯೇ ಪರಿಶೀಲನೆಗೆ ಒದಗಿಸತಕ್ಕದ್ದು’ ಎಂದು ಬರೆದಿದ್ದರು. ಸರ್ಕಾರಿ ಕಾಗದದಲ್ಲಿ ‘ತಕ್ಕದ್ದು’ ಎಂದು ಮುಗಿಯುವ ವಾಕ್ಯಗಳನ್ನು ಓದುವ ಅಭ್ಯಾಸ ನನಗಿಲ್ಲ. ನನ್ನ ತಲೆಯಲ್ಲಿ ಉಳಿದದ್ದು ಇಷ್ಟೇ: ದೊಡ್ಡವರು ಮನೆ ನೋಡಲು ಬರುತ್ತಾರೆ. ನಮ್ಮ ಕಡೆ ಹೆಣ್ಣು ನೋಡಲು ಬರುತ್ತಾರೆಂದರೂ ಮೊದಲು ಗೋಡೆಗೆ ಸುಣ್ಣ, ಆಮೇಲೆ ಹುಡುಗಿಗೆ ಸೀರೆ. ಅತ್ತೆಯ ಮಂಚದ ಹಣೆಬರಹವೇ ಇವರ ಕೈಯಲ್ಲಿರುವಾಗ ಮಾಸಿದ ಗೋಡೆ ತೋರಿಸಿ ಕೂರಿಸುವುದು ಹೇಗೆ? ಅದೃಷ್ಟಕ್ಕೆ ಅದೇ ವಾರ ಅಜ್ಜಂಪುರದಲ್ಲಿರುವ ಶೈಲಾಳ ತವರಿನಲ್ಲಿ ನಾಮಕರಣವಿತ್ತು. ಅತ್ತೆಯನ್ನೂ ಕರೆದುಕೊಂಡು ಅವಳು ಬಸ್ಸು ಹತ್ತಿದಳು. ಬಸ್ಸು ತಿರುವು ದಾಟುವ ಮೊದಲೇ ನಾನು ಅಂಗಡಿಯ ಇಬ್ಬರು ಕೆಲಸದವರನ್ನು ಏಣಿ ಸಮೇತ ಮನೆಗೆ ಕರೆದುಕೊಂಡು ಬಂದಿದ್ದೆ.

ಮೂರು ದಿನದಲ್ಲಿ ಮನೆ ಗುರುತು ಸಿಗದ ಹಾಗಾಯಿತು. ಗೋಡೆಗೆ ಮಾವಿನ ಹಣ್ಣಿನ ಸೀಕರಣೆಯ ಬಣ್ಣದ ಎಮಲ್ಷನ್. ಕಂಬಗಳಿಗೆ ಮುಖ ಕಾಣುವಷ್ಟು ಹೊಳೆಯುವ ಚಾಕಲೇಟ್ ಎನಾಮಲ್. ಸವೆದ ಗಾರೆ ನೆಲ ಕಾಣಬಾರದೆಂದು ಗುಲಾಬಿ ಹೂವಿನ ಪ್ಲಾಸ್ಟಿಕ್ ಕಾರ್ಪೆಟ್. ಕೆಮ್ಮಣ್ಣಿನ ಪಟ್ಟಿ ಇದ್ದ ಕಡೆ ಮರದ ಗೆರೆಗಳಿದ್ದ ಸ್ಟಿಕ್ಕರು. ಸುಣ್ಣದ ಗೋಡೆಯ ಮೇಲೆ ಎಮಲ್ಷನ್ ಬಳಿಯುವ ಮೊದಲು ಚೆನ್ನಾಗಿ ಕೆರೆದು ಪ್ರೈಮರ್ ಹೊಡೆಯಬೇಕು, ಇಲ್ಲದಿದ್ದರೆ ನಿಲ್ಲುವುದಿಲ್ಲ ಎಂದು ಗಿರಾಕಿಗಳಿಗೆ ಪ್ರತಿದಿನ ಪಾಠ ಹೇಳುವವನು ನಾನು. ಅವಸರದಲ್ಲಿ ಎರಡನ್ನೂ ಬಿಟ್ಟೆ. ಕೆಲಸ ಮುಗಿದ ಮೇಲೆ ಜಗುಲಿಯಲ್ಲಿ ನಿಂತು ಒಳಗೆ ನೋಡಿ, ಅತ್ತೆಗೆ ಇನ್ನು ನೂರು ವರ್ಷ ಇಲ್ಲಿ ತೊಂದರೆಯಿಲ್ಲ ಎಂದುಕೊಂಡು ನಿಜಕ್ಕೂ ಸಂತೋಷಪಟ್ಟೆ.

ಸಂಜೆ ಅವರಿಬ್ಬರೂ ಬಂದರು. ಶೈಲಾ ಹೊಸ್ತಿಲಲ್ಲೇ ಬ್ಯಾಗು ಹಿಡಿದು ನಿಂತುಬಿಟ್ಟಳು. ಅತ್ತೆ ಯಾವಾಗಲೂ ಮಾಡುವಂತೆ ಗೋಡೆಯ ಮೇಲೆ ಅಂಗೈ ಊರಿಕೊಂಡು ಮಂಚದವರೆಗೆ ನಡೆದಳು. ನಡುವೆ ಒಂದು ಕಡೆ ನಿಂತು ಕೈ ತೆಗೆದು, ಮತ್ತೆ ಇಟ್ಟಳು.

"ತಣ್ಣಗಿಲ್ಲ ಕಣೋ" ಎಂದಳು.

"ಹೊಸದಲ್ವಾ ಅತ್ತೆ, ಎರಡು ದಿನ ಹೋದ್ರೆ ಸರಿಯಾಗುತ್ತೆ."

"ಪ್ಲಾಸ್ಟಿಕ್ ಬಿಂದಿಗೆ ಮುಟ್ದಂಗದೆ" ಎಂದು ಹೇಳಿ ಮಲಗಿದಳು. ದಿನವೂ ಗೋಡೆಯ ಕಡೆ ಮುಖ ಮಾಡಿ ಮಲಗುವವಳು ಅಂದು ಈಚೆ ಕಡೆ ತಿರುಗಿದ್ದಳು. ಬೈದಿದ್ದರೆ ಬೈಸಿಕೊಂಡು ಸುಮ್ಮನಾಗುತ್ತಿದ್ದೆ. ಆ ತಿರುಗಿದ ಮುಖ ಕಂಡು, ಉಳಿದಿದ್ದ ಖಾಲಿ ಡಬ್ಬಿಗಳನ್ನು ಸದ್ದಾಗದಂತೆ ಹಿತ್ತಲಿಗೆ ಸಾಗಿಸಿದೆ.

ಮಾರನೆಯ ದಿನ ಸಮಿತಿಯವರು ಬಂದರು. ಇಬ್ಬರು ಸದಸ್ಯರು, ಜೊತೆಗೆ ಪುರಸಭೆಯ ಇಂಜಿನಿಯರ್ ಮೇಡಂ. ನನಗೆ ಮಗಳಾಗಬಹುದಾದ ವಯಸ್ಸಿನ ಹುಡುಗಿ. ಜಗುಲಿಯ ಮೇಲೆ ನಿಂತು ಫೈಲಿನಲ್ಲಿದ್ದ ಫೋಟೋ ನೋಡಿದರು, ಮನೆ ನೋಡಿದರು, ಮತ್ತೆ ಫೋಟೋ ನೋಡಿದರು.

"ಸರ್, ಇದೇ ಮನೆನಾ?"

"ಇದೇ ಮೇಡಂ."

"ಫೋಟೋದಲ್ಲಿ ಬೇರೆ ಥರ ಇದೆಯಲ್ಲ."

"ಅದು ಹಳೇದು ಮೇಡಂ."

"ನಾವು ನೋಡೋಕೆ ಬಂದಿರೋದು ಹಳೇದನ್ನೇ ಸರ್."

ನನಗೆ ನೋಟಿಸಿನ ‘ತಕ್ಕದ್ದು’ ಆಗ ನೆನಪಾಯಿತು. ಒಳಗೆ ಬಂದು ಸದಸ್ಯರು ಗುಲಾಬಿ ಹೂವುಗಳ ಮೇಲೆ ಜೋಪಾನವಾಗಿ ಕಾಲಿಟ್ಟುಕೊಂಡು ಓಡಾಡಿದರು. ಒಬ್ಬರು ಕಂಬ ಮುಟ್ಟಿ, ಬೆರಳಿಗೆ ಅಂಟಿದ ಚಾಕಲೇಟನ್ನು ಕರ್ಚೀಫಿನಲ್ಲಿ ಒರೆಸಿಕೊಂಡರು. ಶೈಲಾ ಕೊಟ್ಟ ಕಾಫಿ ಕುಡಿದು ಮುಗಿಸಿ ಮೇಡಂ ಬೇಸರದಿಂದಲೇ, "ಸ್ವರೂಪ ಉಳಿದಿಲ್ಲ ಅಂತ ಬರೀಬೇಕಾಗುತ್ತೆ ಸರ್, ಬೇರೆ ದಾರಿ ಕಾಣ್ತಿಲ್ಲ" ಎಂದರು. ಅತ್ತೆಯನ್ನು ಈ ಮನೆಯಿಂದ ಎಬ್ಬಿಸುತ್ತಿರುವವನು ಕಂಟ್ರಾಕ್ಟರೂ ಅಲ್ಲ, ಹುಳವೂ ಅಲ್ಲ, ನಾನು.

"ಏನಂತವ್ವ ಅವ್ರು?" ಎಂದು ಅತ್ತೆ ಮಂಚದಿಂದ ಕೇಳಿದಳು. ಶೈಲಾ ಹೇಳಿದಳು. ಅತ್ತೆ ಕೋಲು ಊರಿಕೊಂಡು ಎದ್ದು ಬಂದಳು.

"ಮನೆ ಎಲ್ಲೂ ಹೋಗಿಲ್ಲ ಕಣವ್ವ. ನಮ್ಮ ಹುಡುಗ ಮುಚ್ಚಿಟ್ಟವ್ನೆ ಅಷ್ಟೆ. ಬಾ, ತೋರಿಸ್ತೀನಿ."

ಬಾಗಿಲ ಹಿಂದೆ ಹೋಗಿ ಗೋಡೆಗೆ ಉಗುರು ಹಾಕಿ ಎಳೆದಳು. ಪ್ರೈಮರಿಲ್ಲದ ನನ್ನ ಎಮಲ್ಷನ್ ಅಂಗೈ ಅಗಲ ದೋಸೆಯ ಹಾಗೆ ಎದ್ದು ಬಂತು. ಕಳಪೆ ಕೆಲಸ ಮಾಡಿದ್ದಕ್ಕೆ ದೇವರಿಗೆ ಕೈ ಮುಗಿದದ್ದು ಜೀವನದಲ್ಲಿ ಅದೊಂದೇ ಸಲ. ಮೇಡಂ ಬ್ಯಾಗಿನಿಂದ ಸಣ್ಣ ಬ್ಲೇಡು ತೆಗೆದು, ಅಷ್ಟೇ ಜಾಗದಲ್ಲಿ ಪದರ ಪದರವಾಗಿ ಮೆಲ್ಲಗೆ ಕೆರೆಯತೊಡಗಿದರು. ಬಿಳಿ, ಅದರ ಕೆಳಗೆ ಇನ್ನೊಂದು ಬಿಳಿ, ಹೀಗೆ ಎಷ್ಟೋ ಬಿಳಿ, ಆಮೇಲೆ ಹಳದಿ, ಒಂದು ಕಪ್ಪು ಗೆರೆ, ನೀಲಿ. ಅತ್ತೆ ಕನ್ನಡಕ ಸರಿಮಾಡಿಕೊಂಡು ಬಗ್ಗಿದಳು.

"ಈ ಹಳದಿ, ಮಠದ ಸ್ವಾಮಿಗಳು ಪಾದಪೂಜೆಗೆ ಬಂದಿದ್ ವರ್ಷ. ಈ ಕರ್ರಗೆ ಗೆರೆ ಕಾಣ್ತದಲ್ಲ, ಅದು ಧೂಳು. ಆ ವರ್ಷ ಬಳೀಲಿಲ್ಲ. ಇವನ ಅವ್ವ ಹೋಗಿದ್ಲು, ಹಬ್ಬ ಇರ್ಲಿಲ್ಲ." ಬೆರಳನ್ನು ಕೆಳಗಿನ ಪದರಕ್ಕೆ ಜರುಗಿಸಿದಳು. "ಈ ನೀಲಿ ಇವರಪ್ಪನ ಮದುವೆದು. ಸುಣ್ಣಕ್ಕೆ ನೀಲಿ ಪುಡಿ ಕೈತಪ್ಪಿ ಜಾಸ್ತಿ ಬಿತ್ತು. ಗಂಡಿನ ಮನೆ ಆಕಾಶದಂಗದೆ ಅಂತ ಹೆಣ್ಣಿನ ಕಡೆಯೋರು ಹೊಗಳಿದ್ರು. ನಾನು ಬಾಯಿ ಬಿಡ್ಲಿಲ್ಲ."

ಮೇಡಂ ಬ್ಲೇಡು ಕೆಳಗಿಟ್ಟು ಬರೆಯಲು ಶುರುಮಾಡಿದರು. ಸದಸ್ಯರೂ ಮುಚ್ಚಿದ ಫೈಲು ತೆರೆದರು. ಐವತ್ತೆಂಟು ವರ್ಷ ಆ ಗೋಡೆಯ ಪಕ್ಕದಲ್ಲೇ ಬಾಳಿದ ನಾನು, ಅಮ್ಮ ಹೋದ ವರ್ಷ ಅಲ್ಲಿ ಒಂದು ಧೂಳಿನ ಗೆರೆಯಾಗಿ ಉಳಿದಿದೆ ಎಂಬುದನ್ನು ಅಂದೇ ತಿಳಿದದ್ದು. ಕಣ್ಣು ಒದ್ದೆಯಾಯಿತು. ಪೇಂಟ್ ವಾಸನೆಗೆ ಎಂದು ಶೈಲಾಳಿಗೆ ಹೇಳಿದೆ.

ಮಂಜೂರಾಯಿತು, ಒಂದು ಷರತ್ತಿನ ಮೇಲೆ: ಹೊಸ ಬಣ್ಣವನ್ನು ಮನೆಯವರೇ, ರಾಸಾಯನಿಕ ಬಳಸದೆ, ಸುಣ್ಣಕ್ಕೆ ಪೆಟ್ಟಾಗದಂತೆ ತೆಗೆಯತಕ್ಕದ್ದು. ಈ ಸಲ ‘ತಕ್ಕದ್ದು’ವನ್ನು ಎರಡು ಬಾರಿ ಓದಿದೆ. ಮೂರು ದಿನದಲ್ಲಿ ಬಳಿದದ್ದನ್ನು ತೆಗೆಯಲು ಒಂದೂವರೆ ತಿಂಗಳು ಹಿಡಿಯಿತು. ಅಂಗಡಿಗೆ ಶೈಲಾ ಕೂತಳು, ವ್ಯಾಪಾರ ಸುಧಾರಿಸಿತು. ನಾನು ನೆಲದ ಮೇಲೆ ಕೂತು ಕೆರೆದೆ. ಪುರಸಭೆ ಕಳಿಸಿದ ಗಾರೆ ಮೇಸ್ತ್ರಿ ರುದ್ರಪ್ಪ ಶಿವನಿ ಕಡೆಯವನು. ಬೆಲ್ಲದ ನೀರಿನಲ್ಲಿ ಗಾರೆ ಕಲಸುತ್ತ, "ಸಾವ್ಕಾರ್ರೆ, ಹಚ್ಚೋಕೂ ನಿಮ್ಮಂಗ್ಡಿ, ಕೆರೆಯೋಕೂ ನೀವೇ. ಹಿಂಗಾದ್ರೆ ನಾವು ಬದುಕೋದೆಂಗೆ?" ಎಂದು ಕಾಡುತ್ತಿದ್ದ. ತರೀಕೆರೆ ಕಡೆ ಕೆಡವಿದ ಯಾವುದೋ ಛತ್ರದ ತೊಲೆ ಪುರಸಭೆಯ ಶೆಡ್ಡಿನಿಂದ ಬಂದು ನಮ್ಮ ಪಡಸಾಲೆಯ ಮೇಲೆ ಕೂತಿತು. "ಛತ್ರದ್ದಂತೆ. ಇನ್ಮೇಲೆ ನೆಂಟರು ಜಾಸ್ತಿ ಬತ್ತಾರೆ, ಅಕ್ಕಿ ತಂದಿಡು" ಎಂದಳು ಅತ್ತೆ. ಮೊದಲ ಮಳೆ ಬಿದ್ದಾಗ ಅವಳು ಅದರ ಕೆಳಗೆ, ತನ್ನ ಮಂಚದಲ್ಲಿ, ಗೋಡೆಯ ಕಡೆ ತಿರುಗಿ ಮಲಗಿದ್ದಳು. ನಾನು ಸುಮ್ಮನೆ ಎರಡು ಸಲ ಒಳಗೆ ಹೋಗಿ ನೋಡಿಕೊಂಡು ಬಂದೆ.

ಕೊನೆಗೆ ಉಳಿದದ್ದು ಮಂಚದ ಪಕ್ಕದ ಗೋಡೆಯ ಕೆಳಭಾಗ. ಅಲ್ಲಿ ಎಮಲ್ಷನ್ ಜೊತೆಗೆ ಒಂದಷ್ಟು ಸುಣ್ಣವೂ ಎದ್ದು ಬಂದು, ಮಂಡಿ ಎತ್ತರದಲ್ಲಿ ಇದ್ದಿಲಿನ ಗೆರೆಗಳು ಕಂಡವು. ಒಂದು ಎಂಜಿನ್ನು, ಹೊಗೆ, ಅದರ ಹಿಂದೆ ಒಂದಕ್ಕೊಂದು ಅಳತೆ ತಾಳದ ನಾಲ್ಕು ಡಬ್ಬಿ. ಕೊಳೆಯೆಂದು ಒದ್ದೆ ಬಟ್ಟೆ ತೆಗೆದುಕೊಂಡೆ.

"ಒರೆಸ್ಬ್ಯಾಡ" ಎಂದಳು ಅತ್ತೆ. "ನೀನೇ ಬರ್ದಿದ್ದು. ಆರು ವರ್ಷ ನಿಂಗೆ. ಸ್ಟೇಷನ್ನಿಗೆ ಕರ್ಕೊಂಡೋಗಿದ್ದೆ, ಬಂದೋನೆ ಒಲೆಯಿಂದ ಇದ್ಲು ತಂದು ಗೀಚಿದ್ದೆ. ನಿಮ್ಮಪ್ಪ ಕಂಡಿದ್ರೆ ಚರ್ಮ ಸುಲಿಯೋನು. ಅವನು ಸಂತೆಯಿಂದ ಬರೋದ್ರೊಳಗೆ ಸುಣ್ಣ ಬಳ್ದೆ. ಹಬ್ಬ ಇನ್ನೂ ಎರಡು ತಿಂಗಳದೆ, ಏನಕ್ಕಾ ಇವತ್ತು ಅಂದ. ಗೋಡೆ ಕೊಳೆಯಾಗಿತ್ತು ಕಣೋ ಅಂದೆ."

ನನಗೆ ಏನೊಂದೂ ನೆನಪಿರಲಿಲ್ಲ. ಗೋಡೆ ಮುಚ್ಚುವ ಕೆಲಸದಲ್ಲಿ ಈ ಊರಿನಲ್ಲಿ ನನ್ನನ್ನು ಮೀರಿಸುವವರಿಲ್ಲ ಎಂದುಕೊಂಡಿದ್ದೆ. ನಾನು ಮುಚ್ಚಿದ್ದು ನನ್ನ ನಾಚಿಕೆಗೆ. ಇವಳು ಮುಚ್ಚಿದ್ದು ನನ್ನ ಬೆನ್ನಿನ ಸಲುವಾಗಿ, ಅದನ್ನು ಐವತ್ತು ವರ್ಷ ಯಾರಿಗೂ ಹೇಳದೆ. ಅವಳ ಕಾಲ ಬಳಿ ಕೂತು ಸ್ವಲ್ಪ ಹೊತ್ತು ಮಂಡಿ ಒತ್ತಿದೆ.

ಕೆಲಸ ಮುಗಿದ ಮೇಲೆ ಇಂಜಿನಿಯರ್ ಮೇಡಂ ಕೊನೆಯ ಪರಿಶೀಲನೆಗೆ ಬಂದರು. ಗೋಡೆಗೆ ಕೈ ಇಟ್ಟು ನೋಡಿ, "ತಣ್ಣಗಿದೆ" ಎಂದರು. ಅತ್ತೆಯ ಮುಖ ಅರಳಿತು. ಆಮೇಲೆ ರೈಲಿನ ಮುಂದೆ ಕೂತು, ಅಳತೆ ತೆಗೆದು, ಫೋಟೋ ಹಿಡಿದು, ಫೈಲು ತೆರೆದರು.

"ಇದನ್ನ ಯಾರು ಬರೆದಿದ್ದು ಅಂತ ಹಾಕಲಿ ಅಜ್ಜಿ?"

ನಾನು ಗಂಟಲು ಸರಿಮಾಡಿಕೊಂಡು ಮುಂದೆ ಬಂದೆ. ಅತ್ತೆ ನನ್ನ ಕಡೆ ನೋಡಲೇ ಇಲ್ಲ.

"ನಮ್ಮನೇಲಿ ಒಬ್ಬ ಹುಡುಗ ಇದ್ದ ಕಣವ್ವ. ಬಾಳ ಒಳ್ಳೆ ಹುಡುಗ. ಆಮೇಲೆ ಪೇಂಟ್ ಅಂಗಡಿ ಇಟ್ಟ."

ಮೇಡಂ ನಗಲಿಲ್ಲ, ಬರೆದುಕೊಂಡರು. ಕೊನೆಯಲ್ಲಿ ಕೆಂಪು ಶಾಯಿಯಲ್ಲಿ ಒಂದು ಷರಾ ಸೇರಿಸಿದರು: ‘ಸದರಿ ಚಿತ್ರದ ಹತ್ತಿರ ಮನೆಯ ಈಗಿನ ಯಜಮಾನರು ಬ್ರಷ್ ಹಿಡಿದು ಬರತಕ್ಕದ್ದಲ್ಲ.’ ಒಪ್ಪಿದ್ದೇನೆ ಎಂದು ಅದರ ಕೆಳಗೆ ಸಹಿ ಹಾಕಿದವನು ನಾನೇ.