ನೆರಳುಗಳ್ಳರ ಗುಟ್ಟು ಮೊದಲ ಸಾಲಿನಲ್ಲೇ

ಕಾಲ್ಪನಿಕ ಕಥೆಗಳನ್ನು ತೆರೆಗೆ ತರುವವರ ಮೇಲೆ ನನಗೆ ಬಹಳ ಕಾಲದಿಂದ ಒಂದು ಸಾತ್ವಿಕ ಕೋಪವಿತ್ತು. ಪುಸ್ತಕದಲ್ಲಿ ಬೆಟ್ಟದಷ್ಟಿದ್ದ ರಾಕ್ಷಸ ತೆರೆಯ ಮೇಲೆ ಬರುವಷ್ಟರಲ್ಲಿ ಕಸದ ಲಾರಿಯಷ್ಟಾಗಿರುತ್ತಾನೆ. ಬೇರೆ ಗ್ರಹಕ್ಕೆ ನೀರು ಹುಡುಕಲು ಹೋದ ನಾಯಕ ನೀರು ಬಿಟ್ಟು ಹೆಂಡತಿಯನ್ನು ಕರೆತರುತ್ತಾನೆ. ಪ್ರತಿ ಸಿನಿಮಾ ಮುಗಿದಾಗಲೂ ನಾನು ಉಷಾಳಿಗೆ ಹೇಳುತ್ತಿದ್ದೆ: "ಇದನ್ನ ನನ್ನ ಕೈಯಾಗ ಕೊಟ್ಟಿದ್ರ..."

ಕೊಟ್ಟೇಬಿಟ್ಟರು!

ಪುಣೆಯ ಪತ್ರಿಕೆಯೊಂದರಲ್ಲಿ ಮೂವತ್ತು ವರ್ಷ ಬೇರೆಯವರ ಸುದ್ದಿ ತಿದ್ದಿದವನು ನಾನು. ಉಷಾ ನನ್ನ ಹೆಂಡತಿ, ಧಾರವಾಡದವಳು. ವಾಕಡ ಬಡಾವಣೆಯ ನಮ್ಮ ವಸತಿ ಸೊಸೈಟಿಯಲ್ಲಿ ಪ್ರತಿ ರವಿವಾರ ಕನ್ನಡ ಮನೆಗಳ ಮಕ್ಕಳನ್ನು ಕೂಡಿಸಿಕೊಂಡು ಕಥೆ ಹೇಳುತ್ತಾಳೆ. ಕಥೆ ಅವಳೇ ಕಟ್ಟಿದ್ದು. ಒಂದು ಊರಿಗೆ ಎರಡು ಸೂರ್ಯ. ಒಂದು ಮುಳುಗುವುದರೊಳಗೆ ಇನ್ನೊಂದು ಹುಟ್ಟುತ್ತದೆ. ರಾತ್ರಿಯೇ ಇಲ್ಲ, ಯಾರಿಗೂ ನಿದ್ದೆ ಇಲ್ಲ. ಅಂಥ ಊರಿನಲ್ಲಿ ಒಬ್ಬೊಬ್ಬರ ನೆರಳೂ ಕಳುವಾಗತೊಡಗುತ್ತದೆ. ಕಳ್ಳ ಯಾರು?

ನಾಲ್ಕು ತಿಂಗಳಾದರೂ ಉಷಾ ಬಾಯಿಬಿಟ್ಟಿರಲಿಲ್ಲ. ಎರಡನೇ ಮಹಡಿಯ ಏಳು ವರ್ಷದ ತನ್ವಿಗೆ ಕಥೆಯ ದರ್ಜಿಯ ಮೇಲೆ ಸಂಶಯ. ಅವಳ ತಮ್ಮನಿಗೆ ನನ್ನ ಮೇಲೆ.

ಸೊಸೈಟಿಯ ಕನ್ನಡಿಗರ ವಾರ್ಷಿಕ ಸಮಾರಂಭಕ್ಕೆ ಇದನ್ನೇ ಕಿರುಚಿತ್ರ ಮಾಡುವುದೆಂದು ನಿಶ್ಚಯವಾಯಿತು. ಮಕ್ಕಳು ಬರೆದ ಚಿತ್ರಗಳು, ಫೋನಿನ ಕ್ಯಾಮೆರಾ. ಬರಹ ಮತ್ತು ಧ್ವನಿ ನನ್ನದು. ಗುಟ್ಟು ತೆರೆಯ ಮೇಲೇ ಒಡೆಯಬೇಕು. ಅದಕ್ಕಾಗಿ ಉಷಾ ನನ್ನೊಬ್ಬನಿಗೆ ಮಾತ್ರ ಅದನ್ನು ಹೇಳಿದಳು. ನೆರಳು ಕದಿಯುವುದು ಊರಿನ ಅಜ್ಜಿ. ಎಲ್ಲ ನೆರಳುಗಳನ್ನೂ ಜೋಡಿಸಿ ದೊಡ್ಡ ಕೌದಿ ಹೊಲಿದು ಆಕಾಶಕ್ಕೆ ಹೊದಿಸುತ್ತಾಳೆ. ಮೊದಲ ಬಾರಿ ಕತ್ತಲಾಗಿ ಊರು ಮಲಗುತ್ತದೆ.

ನಾನು ಕನ್ನಡಕ ತೆಗೆದು ಒರೆಸಿಕೊಳ್ಳಬೇಕಾಯಿತು.

"ಕಟ್ಟಕಡೀಗೆ ಗೊತ್ತಾಗಬೇಕ್ರೀ," ಎಂದಳು ಉಷಾ. "ಹುಡುಗ್ರು ಭಾಳ ದಿನದಿಂದ ಕಾಯಾಕತ್ತಾವ."

"ನನಗ ಹೇಳಿಕೊಡ್ತೀ ಏನು?" ಎಂದೆ. ಹೇಳಿಕೊಟ್ಟಿದ್ದರೆ ಒಳ್ಳೆಯದಿತ್ತು.

ಉಷಾ ಹೇಳಿದ ಕಥೆಯನ್ನು ಬರೆದುಕೊಂಡು ತಿದ್ದಲು ಕುಳಿತೆ. 'ಊರಿನಲ್ಲಿ ಯಾರೂ ನಿದ್ದೆ ಮಾಡಿರಲಿಲ್ಲ' ಎಂಬುದು 'ತಮಗೆ ನಿದ್ದೆಯಿಲ್ಲವೆಂದು ನಿವಾಸಿಗಳು ಆರೋಪಿಸಿದ್ದಾರೆ' ಎಂದಾಯಿತು. ಎರಡನೇ ಸೂರ್ಯನ ಪಕ್ಕದಲ್ಲಿ 'ಖಚಿತಪಡಿಸಿಕೊಳ್ಳಿ' ಎಂದು ಬರೆದೆ. ಕಥೆಯಲ್ಲಿದ್ದ ಮಾತನಾಡುವ ಆಡನ್ನು ತೆಗೆದುಹಾಕಿದೆ.

ಅಡುಗೆಮನೆಯಿಂದ ಬಂದ ಉಷಾ ಹಾಳೆಯ ಮೇಲೆ ಬಗ್ಗಿ ನೋಡಿದಳು. "ಆಡು ಎಲ್ಲಿ ಹೋತು?"

"ಅದು ಮಾತಾಡಿದ್ದಕ್ಕ ಪುರಾವೆ ಇಲ್ಲ."

"ಅದರ ಚಿತ್ರ ತನ್ವಿ ಬರದಾಳ್ರೀ! ಅಕೀಗೆ ಏನು ಹೇಳ್ತೀರಿ?"

ಆಡನ್ನು ಪ್ರತ್ಯಕ್ಷದರ್ಶಿಯಾಗಿ ಮರಳಿ ಸೇರಿಸಿಕೊಂಡೆ. ಉಳಿದದ್ದನ್ನು ನೋಡಲು ಉಷಾಳಿಗೆ ಬಿಡುವಾಗಲಿಲ್ಲ, ಸಮಾರಂಭದ ನೂರು ಕೆಲಸ ಅವಳ ತಲೆಯ ಮೇಲಿದ್ದವು. ಧ್ವನಿಮುದ್ರಣ ಮುಗಿದದ್ದೂ ಸಮಾರಂಭದ ದಿನವೇ ಬೆಳಿಗ್ಗೆ.

ಸಂಜೆ ಸಭಾಗೃಹ ತುಂಬಿತ್ತು. ಮುಂದಿನ ಸಾಲಿನಲ್ಲಿ ಮಕ್ಕಳು ಉಸಿರು ಬಿಗಿಹಿಡಿದು ಕುಳಿತಿದ್ದರು. ತೆರೆಯ ಮೇಲೆ ಎರಡು ಸೂರ್ಯ ಹೊಳೆದವು. ನನ್ನ ಗಂಭೀರ ಧ್ವನಿ ಮೊಳಗಿತು:

"ಎರಡು ಸೂರ್ಯರ ಊರಿನ ನೆರಳು ಕಳ್ಳತನ ಪ್ರಕರಣದಲ್ಲಿ ಸ್ಥಳೀಯ ಅಜ್ಜಿಯೊಬ್ಬರ ಕೈವಾಡ ಪತ್ತೆಯಾಗಿದ್ದು, ಕದ್ದ ನೆರಳುಗಳಿಂದ ಅವರು ಕೌದಿ ಹೊಲಿದಿದ್ದಾರೆ."

ಸುದ್ದಿಯ ಮುಖ್ಯ ಸಂಗತಿ ಮೊದಲ ವಾಕ್ಯದಲ್ಲಿರಬೇಕು. ಕಿರಿಯ ಪತ್ರಕರ್ತರಿಗೆ ಮೂವತ್ತು ವರ್ಷ ನಾನು ಗದರಿ ಕಲಿಸಿದ್ದು ಇದನ್ನೇ. ಓದುಗ ಎಲ್ಲಿ ಬೇಕಾದರೂ ನಿಲ್ಲಿಸಿ ಚಹಾ ಕುಡಿಯಲು ಹೋಗಬಹುದು, ನಷ್ಟವಾಗದು. ಕಥೆ ಇರುವುದೇ ಅವನು ಚಹಾಕ್ಕೆ ಏಳದಂತೆ ಮಾಡಲು ಎಂಬುದು ನನಗೆ ಹೊಳೆದದ್ದು ಆ ಸಭಾಗೃಹದಲ್ಲಿ.

ಹೋಟೆಲ್ ನಡೆಸುವ ನಮ್ಮ ನೆರೆಯ ಶೆಟ್ಟರು ಕಥೆ ಮುಗಿದೊಡನೆ ಬಟಾಟೆವಡೆ ಹಂಚುವುದಾಗಿ ಒಪ್ಪಿಕೊಂಡಿದ್ದರು. ಬಾಗಿಲಿನಿಂದಲೇ ಕೂಗಿದರು: "ಎಂತ ಮಾರಾಯ್ರೇ, ಮುಗೀತಾ? ಭಾರೀ ಬೇಗ ಆಯ್ತಲ್ಲ!"

ವಡೆಯ ತಟ್ಟೆಗಳು ಒಳಬಂದವು. ಅರ್ಧ ಸಭೆ ಎದ್ದಿತು. ತನ್ವಿ ಅಳಲಿಲ್ಲ. ಅತ್ತಿದ್ದರೆ ವಾಸಿಯಿತ್ತು. ನನ್ನ ಕಡೆ ತಿರುಗಿ ಮೆಲ್ಲಗೆ ಕೇಳಿದಳು: "ಕಾಕಾ, ಇನ್ನ ನಾವು ಏನು ನೋಡೂದು?"

ಉಷಾ ನನ್ನ ಮುಖ ನೋಡದೆ ಕೇಳಿದಳು: "ಕೌದಿ ಹೊದಸೂದರೆ ಅದ ಇಲ್ಲೋ? ಊರು ಮಲಗೂದು?"

ಅದೂ ಇರಲಿಲ್ಲ! ಚಿತ್ರ ಹನ್ನೆರಡು ನಿಮಿಷ ಮೀರಬಾರದೆಂದು ಸಂಘಟಕರು ಹೇಳಿದ್ದರು. ಸುದ್ದಿ ಉದ್ದವಾದರೆ ಕೆಳಗಿನಿಂದ ಕತ್ತರಿಸುವುದು ಪದ್ಧತಿ. ಕತ್ತರಿಸಿದ್ದೆ. ಆಡಿನ ಹೇಳಿಕೆಯೊಂದಿಗೆ ಚಿತ್ರ ನಿಂತಿತು. ಕೊನೆಯಲ್ಲಿ ನನ್ನದೇ ಧ್ವನಿ: "ತನಿಖೆ ಮುಂದುವರಿದಿದೆ."

ಚಪ್ಪಾಳೆ ಒಂದೇ ಬಂತು. ನನ್ನದು. ಅಭ್ಯಾಸಬಲ!

ಉಷಾ ಎದ್ದು ಹೋಗಿ ಮೈಕ್ ಹಿಡಿದಳು. ನಾಲ್ಕು ತಿಂಗಳು ಕಾಪಾಡಿದ ಗುಟ್ಟು ಹೋದ ಹೆಂಗಸು ಏನು ಹೇಳಿಯಾಳು ಎಂದು ನಾನು ಕುರ್ಚಿಯಲ್ಲೇ ಕುಗ್ಗಿದೆ.

"ಏ ಹುಡುಗ್ರಾ, ಕೇಳಿದ್ರಿಲ್ಲೋ? ತನಿಖೆ ಇನ್ನೂ ನಡದದ ಅಂತ. ಪೇಪರ್‌ನವರು ಮೊದಲನೇ ದಿನ ಬರದದ್ದೆಲ್ಲಾ ಖರೇ ಇರ್ತದೇನು?"

"ಇಲ್ಲಾ!" ಮಕ್ಕಳು ಕಿರುಚಿದರು. ದೊಡ್ಡವರು ಇನ್ನೂ ಜೋರಾಗಿ ಕಿರುಚಿದರು.

"ಅಜ್ಜಿ ಮ್ಯಾಲೆ ಸುಳ್ಳು ಅಪವಾದ ಬಂದದ. ಖರೇ ಕಳ್ಳ ಯಾರು ಅಂತ ರವಿವಾರ ನೋಡೂಣು."

ತನ್ವಿ ವಡೆ ಕೆಳಗಿಟ್ಟು ಎದ್ದು ನಿಂತಳು. "ನಾ ಹೇಳಿದ್ದಿಲ್ಲ? ದರ್ಜಿ!" ಸಭಾಗೃಹದಲ್ಲಿ ಮತ್ತೆ ಜೀವ ಬಂತು.

ಮನೆಗೆ ಬಂದ ಮೇಲೆ ಧೈರ್ಯ ಮಾಡಿ ಕೇಳಿದೆ: "ಹಂಗಾದ್ರ ಕಳ್ಳ ಯಾರು?"

"ನಿಮಗಾ?" ಉಷಾ ಹಾಲು ಕಾಯಿಸುತ್ತಲೇ ನಕ್ಕಳು. "ಎಲ್ಲಾರೂ ಬಂದಂಗ ರವಿವಾರ ಬರ್ರಿ."

ಹೋದೆ. ಬಾಗಿಲಲ್ಲೇ ತನ್ವಿ ನನ್ನ ಜೇಬು ತಪಾಸಣೆ ಮಾಡಿ ಪೆನ್ನು ವಶಪಡಿಸಿಕೊಂಡಳು. "ಹಿಂದ ಕೂಡ್ರಿ ಕಾಕಾ. ಯಾರಿಗೂ ಏನೂ ಹೇಳಂಗಿಲ್ಲ." ಚಾಪೆಯ ತುದಿಯಲ್ಲಿ ಮಂಡಿ ಮಡಚಿ ಕುಳಿತೆ. ಒಂದು ಗಂಟೆ ಹೇಗೆ ಕಳೆಯಿತೋ ತಿಳಿಯಲಿಲ್ಲ. ಕಥೆಯಲ್ಲಿ ಅಜ್ಜಿಯ ಮನೆಯ ಬಾಗಿಲನ್ನು ಯಾರೋ ಮೂರು ಸಲ ಬಡಿದರು. ಅಜ್ಜಿ ಚಿಲಕ ತೆಗೆದಳು.

"ಉಳಿದದ್ದು ಮುಂದಿನ ವಾರ," ಎಂದಳು ಉಷಾ.

"ಅಯ್ಯೋ, ಯಾರದು?" ಎಂದು ಕೂಗಿದವನು ನಾನೊಬ್ಬನೇ. ಇಪ್ಪತ್ತು ಮಕ್ಕಳು ತಿರುಗಿ ನನ್ನನ್ನು ನೋಡಿದರು.

ಇಂದು ಮಂಗಳವಾರ. ಇನ್ನೂ ಐದು ದಿನ!