ಗುಂಡಿಗೊಂದು ಅಕ್ಷರ, ಪರದೆಗೊಂದು ಅಕ್ಷರ

ಎಲ್ಲದಕ್ಕೂ ಮೂಲ ಟೈಪಿಸ್ಟನ ಎಡಗೈ ಕಿರುಬೆರಳು. ದಿನಕ್ಕೆ ಸಾವಿರ ಸಲ ಬೇಕಾಗುವ ಅಕ್ಷರವನ್ನು ಆ ಬಡಪಾಯಿ ಬೆರಳಿನ ತಲೆಗೆ ಕಟ್ಟಿದವನು ಯಾವ ಪುಣ್ಯಾತ್ಮನೋ! ನೋವು ತಾಳಲಾರದೆ ಟೈಪಿಸ್ಟ್ ಇಂಟರ್ನೆಟ್ಟಿನಲ್ಲಿ ಕೀಬೋರ್ಡಿಗೆ ಹೊಸದೊಂದು ಅಕ್ಷರಕ್ರಮ ಹುಡುಕಿ, ಆರು ತಿಂಗಳು ಮನೆಯಲ್ಲಿ ಗುಟ್ಟಾಗಿ ಕಲಿತ. ಆ ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಆಫೀಸಿಗೆ ಬಂದು ಕೀಬೋರ್ಡಿನ ಗುಂಡಿಗಳನ್ನೆಲ್ಲ ಕಿತ್ತು ಹೊಸ ಕ್ರಮದಲ್ಲಿ ಕೂರಿಸಿದ, ಕಂಪ್ಯೂಟರಿನ ಸೆಟ್ಟಿಂಗನ್ನೂ ಬದಲಿಸಿದ. ಹೆಡ್ ಟೈಪಿಸ್ಟ್ ಹುದ್ದೆ ಯಾರಿಗೆಂದು ಮ್ಯಾನೇಜರ್ ತೀರ್ಮಾನಿಸುವ ದಿನ ಅದು.

ಮೊದಲು ಎಡವಿದವರು ಟಪಾಲು ವಿಭಾಗದ ಮೇಡಂ. ತಮ್ಮ ಕಂಪ್ಯೂಟರ್ ಕೆಟ್ಟಿದೆಯೆಂದು ಇವನದರ ಮುಂದೆ ಕೂತು, ಗುಂಡಿ ನೋಡದೆ ಪಟಪಟ ಹೊಡೆದರು.

“ಏನ್ರೀ ಇದು! ನನ್ನ ಹೆಸರು ಹೊಡೆದ್ರೆ ಕೆಮ್ಮಿದ ಹಾಗೆ ಬರ್ತಿದೆ!”

“ಹೊಸ ಕ್ರಮ ಮೇಡಂ. ಕಿರುಬೆರಳಿಗೆ ಆರಾಮ. ಒಂದು ಆರು ತಿಂಗಳು ಕಲಿತ್ರೆ...”

“ಆರು ತಿಂಗಳಾ? ನನಗೆ ಊಟಕ್ಕೇ ಅರ್ಧ ಗಂಟೆ ಸಿಗಲ್ಲ! ಪ್ರಪಂಚಕ್ಕೆಲ್ಲ ಒಗ್ಗಿದ್ದು ನಿಮ್ಮೊಬ್ರ ಕಿರುಬೆರಳಿಗೆ ಒಗ್ಗಲ್ವಾ?”

ಟೈಪಿಸ್ಟ್ ಅತ್ತ ಹೋದದ್ದೇ ತಡ, ಮೇಡಂ ಸೆಟ್ಟಿಂಗನ್ನು ಹಳೆಯದಕ್ಕೆ ತಿರುಗಿಸಿ, ತಮ್ಮ ಕೆಲಸ ಮುಗಿಸಿ, ಹಾಗೇ ಎದ್ದು ಹೋದರು. ಈಗ ಗುಂಡಿಯ ಮೇಲೆ ಹೊಸ ಅಕ್ಷರ, ಒಳಗೆ ಹಳೆಯದು. ಪಾಪ, ಅವನಿಗೆ ಇದು ಗೊತ್ತಿಲ್ಲ.

ಮಧ್ಯಾಹ್ನ ಮ್ಯಾನೇಜರ್ ಓಡಿಬಂದರು. “ಹಡಗು ತಡ ಆಗಿದೆ. ನಲವತ್ತು ದೇಶದ ನಮ್ಮ ಆಫೀಸುಗಳಿಗೂ ಈ ಕಾಗದ ಹತ್ತು ನಿಮಿಷದಲ್ಲಿ ಹೋಗ್ಬೇಕು. ಕಳಿಸಿದ್ರೆ ಹುದ್ದೆ ನಿಮ್ದೇ!”

ಬೆರಳುಗಳು ಕಾದ ಎಣ್ಣೆಗೆ ಬಿದ್ದ ಸಾಸಿವೆಯಂತೆ ಸಿಡಿದವು. ಟೈಪಿಸ್ಟ್ ಕಾಗದದಿಂದ ಕಣ್ಣು ಕೀಳಲಿಲ್ಲ. ಮೂರೇ ನಿಮಿಷ! ಪರದೆಯತ್ತ ನೋಡದೆ, ಗತ್ತಿನಿಂದ ಮ್ಯಾನೇಜರ್ ಮುಖ ನೋಡುತ್ತಲೇ ಕಳಿಸಿಬಿಟ್ಟ.

ಅರ್ಧ ಗಂಟೆಯಲ್ಲಿ ಮೂವತ್ತೊಂಬತ್ತು ದೇಶಗಳಿಂದ ಮಂಗಳಾರತಿ ಬಂತು.

“ಹಡಗಿನ ವಿಷಯ ಬರೀರಿ ಅಂದ್ರೆ ‘ಟ್ಖಘ ಪ್ಞಳ’ ಅಂತ ಕಳಿಸಿದೀರಲ್ರೀ!” ಮ್ಯಾನೇಜರ್ ಕೂಗಾಡಿದರು. “ಈ ನಲವತ್ತನೆಯವನನ್ನ ನೋಡಿ, ಅದೇ ಥರ ಬರ್ದು ನಮ್ಮನ್ನ ಅಣಕಿಸಿದಾನೆ!”

ಟೈಪಿಸ್ಟ್ ಆ ಉತ್ತರ ನೋಡಿದ. ತನ್ನ ಸೆಟ್ಟಿಂಗ್ ಹಳೆಯದಕ್ಕೆ ತಿರುಗಿದೆಯೆಂದು ಆಗ ಹೊಳೆಯಿತು. ಕೀಬೋರ್ಡಿನಲ್ಲಿ ಉತ್ತರದ ಒಂದೊಂದು ಅಕ್ಷರದ ಹಳೆಯ ಜಾಗ ಹುಡುಕಿ, ಅಲ್ಲಿ ಈಗ ಕೂತಿರುವ ಹೊಸ ಅಕ್ಷರವನ್ನು ಪೆನ್ಸಿಲಿನಲ್ಲಿ ಬರೆದುಕೊಂಡ.

‘ಅಣ್ಣಾ, ನಿಮ್ದೂ ಹೊಸ ಕ್ರಮಾನಾ? ಪ್ರಪಂಚದಲ್ಲಿ ನಾನೊಬ್ನೇ ಅಂದ್ಕೊಂಡಿದ್ದೆ!’

ಟೈಪಿಸ್ಟನ ಕಣ್ಣು ತುಂಬಿ ಬಂತು. ಏಳು ಸಮುದ್ರದಾಚೆ ಒಬ್ಬನಾದರೂ ಇದ್ದಾನಲ್ಲ! ಹುದ್ದೆ ಹೋದ ದುಃಖವೂ ಒಂದು ಗಳಿಗೆ ಮರೆತುಹೋಯಿತು.

“ಏನಂತೆ?” ಮ್ಯಾನೇಜರ್ ಗುಡುಗಿದರು.

ಟೈಪಿಸ್ಟ್ ಉಳಿದದ್ದನ್ನು ಬಿಡಿಸಿ ಮೆಲ್ಲಗೆ ಓದಿದ. “‘ನಾನೂ ಹಿಂಗೇ ಒಂದು ಕಾಗದ ಕಳಿಸಿದ್ದೆ. ಕೆಲಸಕ್ಕೆ ಇವತ್ತೇ ಕೊನೇ ದಿನ ಅಂದ್ಬಿಟ್ರು. ನಿಮ್ಮಲ್ಲಿ ಟೈಪಿಸ್ಟ್ ಜಾಗ ಖಾಲಿ ಇದೆಯಾ?’ ಅಂತ ಕೇಳ್ತಿದಾನೆ ಸಾರ್.”

ಮ್ಯಾನೇಜರ್ ಹಳೆಯ ಕೀಬೋರ್ಡೊಂದನ್ನು ತಂದು ಮೇಜಿನ ಮೇಲೆ ಕುಕ್ಕಿದರು.

“ಈಗಷ್ಟೇ ಖಾಲಿ ಆಯ್ತು ಅಂತ ಬರೀರಿ.”