ನಮ್ಮ ಸಂಸಾರಕ್ಕೆ ಮೂರು ಸರ್ಕಾರ

ಗಂಡ ಹೆಂಡತಿ ಇಬ್ಬರೂ ಒಂದೇ ದೇಶದವರಾದರೆ ಮನೆಯೊಳಗೆ ಅತ್ತೆ ಕಾಟ ಒಂದೇ. ಗಂಡ ಚೀನಾದವನು, ಹೆಂಡತಿ ಕನ್ನಡದವಳು, ಮನೆ ನ್ಯೂಜೆರ್ಸಿಯಲ್ಲಿ ಅಂತಾದರೆ ಮೂರು ಸರ್ಕಾರಗಳು ಬಂದು ಒಲೆ ಮುಂದೆ ಕೂತುಬಿಡುತ್ತವೆ. ನನ್ನ ಅತ್ತೆ ಪಾಪ ಒಳ್ಳೆಯವರು. ನನಗೆ ಸಿಟ್ಟು ಬರೋದೆಲ್ಲ ಕೌಂಟರಿನ ಹಿಂದೆ ಕೂತವರ ಮೇಲೆ. ಮದುವೆಯಾಗಿ ಇಷ್ಟು ವರ್ಷವಾಯಿತು, ಒಂದು ಕಾಗದವೂ ಮೊದಲನೇ ಸಲಕ್ಕೆ ಸರಿಯಾಗಿದೆ ಅನ್ನಿಸಿಕೊಂಡಿಲ್ಲ. ಹೇಳಿಕೊಂಡರೆ ಜನ ನಗುತ್ತಾರೆ. ನಗಲಿ ಬಿಡಿ.

ನಾಲ್ಕು ಅಕ್ಷರ

ಮದುವೆಯಾದ ಹೊಸತರಲ್ಲಿ ಜಂಟಿ ಖಾತೆ ತೆರೆಯೋಣ ಅಂತ ಬ್ಯಾಂಕಿಗೆ ಹೋದೆವು. ನನ್ನ ಪಾಸ್‌ಪೋರ್ಟಿನಲ್ಲಿ ಮನೆಹೆಸರಿನ ಜಾಗದಲ್ಲಿ ನಮ್ಮಪ್ಪನ ಊರು, ಅಪ್ಪನ ಹೆಸರು ಎರಡೂ ಇವೆ. ಹೊಳೆನರಸೀಪುರ ವೆಂಕಟಸುಬ್ಬಯ್ಯ. ನನ್ನ ಗಂಡನ ಮನೆಹೆಸರು ವೂ. ಇಂಗ್ಲಿಷಿನಲ್ಲಿ ಬರೆದರೆ ಎರಡೇ ಅಕ್ಷರ.

ಬ್ಯಾಂಕಿನ ಹುಡುಗಿ ಮೊದಲು ಇವನ ಹೆಸರು ಟೈಪ್ ಮಾಡಿದಳು. ಮನೆಹೆಸರು ಪೂರ್ತಿ ಬರೆಯಿರಿ ಅಂತ ಕಂಪ್ಯೂಟರ್ ಕೆಂಪು ಅಕ್ಷರದಲ್ಲಿ ಹೇಳಿತು. ಇದೇ ಪೂರ್ತಿ ಅಂತ ಇವನು ಹೇಳಿದ. ಮೂರಕ್ಷರಕ್ಕಿಂತ ಕಡಿಮೆ ಇದ್ದರೆ ಸಿಸ್ಟಮ್ ತಗೊಳ್ಳಲ್ಲ ಅಂದಳು. ಆಮೇಲೆ ನನ್ನದು ಟೈಪ್ ಮಾಡಿದಳು. ಅದು ಉದ್ದ ಜಾಸ್ತಿಯಾಯಿತು, ಹಿಡಿಸಲ್ಲ ಅಂತು. ಕೋಟ್ಯಂತರ ಜನ ಇಟ್ಟುಕೊಂಡ ಮನೆಹೆಸರು ತಪ್ಪು, ನಮ್ಮಪ್ಪ ತಪ್ಪು, ಬ್ಯಾಂಕಿನ ಡಬ್ಬ ಮಾತ್ರ ಸರಿ. ನಾನು ಮ್ಯಾನೇಜರನ್ನು ಕರೆಸಿ, ಇದು ಯಾವ ನ್ಯಾಯ ಅಂತ ನಿಂತುಕೊಂಡೇ ವಾದ ಮಾಡಿದೆ. ಆತ ಬಹಳ ಮರ್ಯಾದೆಯಿಂದ, ಯಾರಾದರೂ ಒಬ್ಬರು ಹೆಸರು ಬದಲಾಯಿಸಿಕೊಂಡರೆ ಅನುಕೂಲ ಅಂದ.

ನನ್ನ ಗಂಡ ಆಗ ನನ್ನ ಕಡೆ ತಿರುಗಿದ. "ನಿನ್ನ ಹತ್ತಿರ ಬೇಕಾದಷ್ಟಿದೆ. ನನಗೊಂದು ನಾಲ್ಕಕ್ಷರ ಸಾಲ ಕೊಡು, ಇಬ್ಬರದ್ದೂ ಸರಿಹೋಗುತ್ತೆ" ಅಂದ.

ಮುಯ್ಯಿ

ಮದುವೆ ದಿನದ್ದೂ ಹೇಳಿಬಿಡುತ್ತೇನೆ. ಬೆಳಿಗ್ಗೆ ದೇವಸ್ಥಾನದಲ್ಲಿ ಧಾರೆ, ಮಧ್ಯಾಹ್ನ ಚೀನೀ ಹೋಟೆಲಿನಲ್ಲಿ ಊಟ. ಮುಯ್ಯಿ ದುಡ್ಡು ನೋಡಿಕೊಳ್ಳುವ ಕೆಲಸ ಪಾರ್ಸಿಪನಿ ಊರಿನಲ್ಲಿರುವ ನನ್ನ ಸೋದರಮಾವನದ್ದು. ಇವನ ಕಡೆಯ ನೆಂಟರೆಲ್ಲ ಕೆಂಪು ಲಕೋಟೆಯಲ್ಲಿ ಕೊಟ್ಟಿದ್ದರು. ಸೋದರಮಾವ ಒಂದೊಂದಾಗಿ ತೆಗೆದು ನೋಡಿದರು. ಇನ್ನೂರು, ಆರುನೂರು, ಎಂಟುನೂರು. ಒಂದರಲ್ಲೂ ಮೇಲೊಂದು ಡಾಲರ್ ಇಲ್ಲ. ಸೊನ್ನೆಗೆ ನಿಂತ ದುಡ್ಡು ಮುಂದೆ ಬೆಳೆಯೋದು ಹೇಗೆ ಅಂತ ಅವರ ಕರುಳು ಚುರುಕ್ ಅಂತು. ಯಾರಿಗೂ ಹೇಳದೆ ಒಂದೊಂದು ಲಕೋಟೆಗೂ ತಮ್ಮ ಜೇಬಿನಿಂದ ಒಂದೊಂದು ಡಾಲರ್ ಸೇರಿಸಿಟ್ಟರು.

ಸ್ವಲ್ಪ ಹೊತ್ತಿಗೆ ನಮ್ಮತ್ತೆ ಬಂದು ಅವೇ ಲಕೋಟೆ ಬಿಚ್ಚಿದರು. ಅವರಲ್ಲಿ ಶುಭಕಾರ್ಯಕ್ಕೆ ಸಮಸಂಖ್ಯೆಯೇ ಕೊಡಬೇಕು. ಬೆಸ ಸಂಖ್ಯೆಯ ದುಡ್ಡು ಕೊಡೋದು ಸತ್ತವರ ಮನೆಗೆ. ತಮ್ಮ ಅಣ್ಣ, ತಂಗಿ, ಓರಗಿತ್ತಿ, ಎಲ್ಲರೂ ಒಟ್ಟಾಗಿ ಮಗನ ಮದುವೆಗೆ ಬಂದು ಸಾವಿನ ದುಡ್ಡು ಕೊಟ್ಟಿದ್ದಾರೆ ಅಂತ ಅವರ ಮುಖ ಬಿಳಿಚಿತು. ಆದರೆ ಗಟ್ಟಿ ಹೆಂಗಸು. ಮಾತಾಡದೆ ಪರ್ಸ್ ತೆಗೆದು ಎಲ್ಲಕ್ಕೂ ಇನ್ನೊಂದೊಂದು ಡಾಲರ್ ಹಾಕಿದರು. ಸೋದರಮಾವ ತಿರುಗಿ ಎಣಿಸಿದಾಗ ಮತ್ತೆ ಸಮ ಆಗಿತ್ತು. ಮತ್ತೆ ಜೇಬಿಗೆ ಕೈ ಹಾಕಿದರು.

ನನಗೆ ಮೈಯೆಲ್ಲ ಉರಿಯಿತು. ಮದುವೆ ನನ್ನದು, ಮುಯ್ಯಿ ನನಗೆ ಬಂದದ್ದು. ಅದು ಬೆಳೆಯಬೇಕೋ ಸಾಯಬೇಕೋ ಅಂತ ನನ್ನನ್ನು ಒಂದು ಮಾತು ಕೇಳಿದವರಿಲ್ಲ. ರೇಷ್ಮೆ ಸೀರೆ ಎತ್ತಿ ಹಿಡಿದುಕೊಂಡು ಇಬ್ಬರಿಗೂ ಬುದ್ಧಿ ಹೇಳಲು ಹೊರಟೆ. ನನ್ನ ಗಂಡ ಮೆಲ್ಲಗೆ ಕೈ ಹಿಡಿದು ಕೂರಿಸಿದ. "ತಡೀಬೇಡ. ಹೀಗೇ ಬಿಟ್ಟರೆ ಸಂಜೆ ಹೊತ್ತಿಗೆ ಮನೆಯ ಡೌನ್ ಪೇಮೆಂಟ್ ಆಗುತ್ತೆ" ಅಂದ.

ತಾಯಿಯ ಮನೆಹೆಸರು

ಡೌನ್ ಪೇಮೆಂಟ್ ಹಾಗೇನೂ ಆಗಲಿಲ್ಲ. ನಾವೇ ಕೂಡಿಟ್ಟು, ಈಸ್ಟ್ ಬ್ರನ್ಸ್‌ವಿಕ್‌ನಲ್ಲಿ ಒಂದು ಮನೆ ನೋಡಿದೆವು. ಗೊತ್ತು ಮಾಡಿದ ದಿನ ದುಡ್ಡು ಮಾರುವವರ ಖಾತೆಗೆ ಹೋಗಬೇಕು, ಇಲ್ಲದಿದ್ದರೆ ಮನೆ ಬೇರೆಯವರ ಪಾಲು. ಅವತ್ತೇ ಬ್ಯಾಂಕಿನವರು ದುಡ್ಡು ತಡೆಹಿಡಿದು, ಖಾತೆದಾರರೇ ಫೋನ್ ಮಾಡಿ ಗುರುತು ಹೇಳಬೇಕು ಅಂದರು. ಇವನು ಫೋನ್ ಮಾಡಿದ. ತಾಯಿಯ ಮದುವೆಗೆ ಮುಂಚಿನ ಮನೆಹೆಸರು ಹೇಳಿ ಅಂತ ಆ ಕಡೆಯವಳು ಕೇಳಿದಳು.

ಚೆನ್ ಅಂತ ಹೇಳಿ ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಆದರೆ ಅರ್ಧ ಸತ್ಯ ಹೇಳಿ ಇವನಿಗೆ ಅಭ್ಯಾಸವಿಲ್ಲ. "ಚೆನ್. ಈಗಲೂ ಚೆನ್ನೇ" ಅಂದ.

ಈಗಿನದು ಬೇಡ, ಮದುವೆಗೆ ಮುಂಚಿನದು ಬೇಕು ಅಂದಳು. ಎರಡೂ ಒಂದೇ ಅಂದ. ಹಾಗಾದರೆ ಅವರಿಗೆ ಮದುವೆಯಾಗಿಲ್ಲವೇ ಅಂತ ಕೇಳಿದಳು. ಚೀನಾದಲ್ಲಿ ಹೆಂಗಸರು ಮದುವೆಯಾದರೆ ಹೆಸರು ಬದಲಾಯಿಸಲ್ಲ ಅಂತ ಇವನು ತಾಳ್ಮೆಯಿಂದ ವಿವರಿಸಿದ. ನನಗೆ ತಾಳ್ಮೆ ಇರಲಿಲ್ಲ. ಫೋನ್ ಕಿತ್ತುಕೊಂಡು, ನಮ್ಮಮ್ಮನಿಗೆ ಮದುವೆಗೆ ಮುಂಚೆಯೂ ಮನೆಹೆಸರಿರಲಿಲ್ಲ, ಆಮೇಲೂ ಇಲ್ಲ, ಬರೀ ಇನಿಷಿಯಲ್ಲು, ನಿಮ್ಮ ಪ್ರಕಾರ ನಾನು ಎಲ್ಲಿಂದ ಬಂದೆ ಅಂತ ಕೇಳಿದೆ. ಆಕೆ ಹೋಲ್ಡಿನಲ್ಲಿಟ್ಟು ಹೋದವಳು ಬರಲೇ ಇಲ್ಲ.

ಮತ್ತೆ ಫೋನ್ ಮಾಡಿದೆವು. ಈ ಸಲ ಬೇರೆ ಒಬ್ಬಾತ. ಕಂಪ್ಯೂಟರ್ ನೋಡಿಕೊಂಡು ಓದಿದ: "ಇಲ್ಲಿ ಷರಾ ಬರೆದಿದ್ದಾರೆ. ಖಾತೆದಾರರ ತಾಯಿ ಅವಿವಾಹಿತೆ. ಸರಿ ತಾನೇ?"

ಬ್ಯಾಂಕ್ ಮುಚ್ಚುವ ಹೊತ್ತಾಗಿತ್ತು. ಇವನು ಗಡಿಯಾರ ನೋಡಿದ, ನನ್ನ ಮುಖ ನೋಡಿದ, "ಸರಿ" ಅಂದ. ದುಡ್ಡು ಹೋಯಿತು. ಫೋನ್ ಇಟ್ಟವನೇ, ಇದನ್ನು ಅಮ್ಮನಿಗೆ ಮಾತ್ರ ಹೇಳಬೇಡ ಅಂತ ಬೇಡಿಕೊಂಡ.

ಅಜ್ಜನ ಕುದುರೆ

ನನ್ನ ತಮ್ಮನ ಮದುವೆ ಮೈಸೂರಿನಲ್ಲಿ. ಇವನೂ ಬರಲೇಬೇಕು. ಚೀನಾ ಪಾಸ್‌ಪೋರ್ಟಿಗೆ ನಮ್ಮ ದೇಶದ ವೀಸಾ ಅಂದರೆ ಹೆಣ್ಣು ನೋಡಲು ಬಂದವರು ಕೇಳೋದಕ್ಕಿಂತ ಹೆಚ್ಚು ಪ್ರಶ್ನೆ. ಅರ್ಜಿಯಲ್ಲಿ ಒಂದು ಕಡೆ, ನಿಮ್ಮ ತಂದೆತಾಯಿ, ಅಜ್ಜ ಅಜ್ಜಿ ಯಾರಾದರೂ ಪಾಕಿಸ್ತಾನದವರೇ ಅಂತ ಕೇಳಿದ್ದರು. ಇಲ್ಲ ಅಂತ ಒತ್ತಿ ಮುಂದೆ ಹೋಗು ಅಂದೆ. ಗೊತ್ತಿಲ್ಲದೆ ಹೇಗೆ ಹೇಳಲಿ ಅಂತ ಇವನು ಚೀನಾಕ್ಕೆ ಫೋನ್ ಮಾಡಿದ. ಅತ್ತೆ ಹಳ್ಳಿಯಲ್ಲಿದ್ದ ಹಿರಿಯರೊಬ್ಬರನ್ನು ವಿಚಾರಿಸಿದರು. ಅವರು ಬಹಳ ಯೋಚನೆ ಮಾಡಿ, ಇವನ ಅಜ್ಜ ಪ್ರಾಯದಲ್ಲಿ ಒಮ್ಮೆ ಕುದುರೆ ತರಲು ಪಶ್ಚಿಮಕ್ಕೆ ಹೋಗಿದ್ದರು, ಬಹಳ ಕಾಲ ಬಿಟ್ಟು ಬರಿಗೈಯಲ್ಲಿ ನಡೆದುಕೊಂಡು ಬಂದರು ಅಂದರಂತೆ.

ಪಶ್ಚಿಮ ಅಂದರೆ ಎಲ್ಲಿ ಅಂತ ಕೇಳಿದೆ. ಕುದುರೆ ಸಿಗೋ ಕಡೆ, ಅಷ್ಟೇ ಗೊತ್ತಿರೋದು ಅಂದ. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು. ಇವನು ಅದನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಅರ್ಜಿಯ ಜೊತೆ ಲಗತ್ತಿಸುತ್ತೇನೆ ಅಂತ ಕೂತ. ಕುದುರೆ ನೋಡಲು ಹೋದವರು ಆ ದೇಶದ ಪ್ರಜೆ ಆಗಿಬಿಡಲ್ಲ, ಈ ಹಾಳೆ ನೋಡಿದರೆ ನಿನ್ನ ಮೊಮ್ಮಗನಿಗೂ ವೀಸಾ ಸಿಗಲ್ಲ ಅಂತ ಕೂಗಾಡಿದೆ. ಕೊನೆಗೆ ಅವನು ಸ್ನಾನಕ್ಕೆ ಹೋದಾಗ ನಾನೇ ಇಲ್ಲ ಅಂತ ಒತ್ತಿ ಕಳಿಸಿಬಿಟ್ಟೆ.

ವೀಸಾ ಬರುತ್ತೋ ಇಲ್ಲವೋ ಅಂತ ದಿನಾ ಊರಿಂದ ಫೋನು. ನಾಳೆ ವಿಮಾನ ಅನ್ನುವಾಗ ಬಂತು. ಮೈಸೂರು ಮುಟ್ಟಿದ ಮೇಲೆ, ನಿಮ್ಮ ಅಳಿಯನ ಸತ್ಯಸಂಧತೆ ನೋಡಿ ಅಂತ ಅಪ್ಪನ ಮುಂದೆ ನನ್ನ ಗೋಳೆಲ್ಲ ತೋಡಿಕೊಂಡೆ. ಅಪ್ಪ ಕೊನೆಯವರೆಗೂ ತಲೆದೂಗುತ್ತಾ ಕೇಳಿದರು. ಆಮೇಲೆ ಕುರ್ಚಿಯನ್ನು ಅಳಿಯನ ಹತ್ತಿರಕ್ಕೆ ಎಳೆದುಕೊಂಡು, "ಅದಿರಲಿ, ಕುದುರೆ ಯಾಕೆ ಸಿಗಲಿಲ್ಲವಂತೆ?" ಅಂತ ಕೇಳಿದರು.

ಆಂಟಿಯ ವಿರೋಧ

ಕಾಲಕ್ರಮದಲ್ಲಿ ಇದು ಮೊದಲೇ ಬರಬೇಕಿತ್ತು. ಆದರೆ ಇದನ್ನು ಹೇಳಿದ ಮೇಲೆ ಬೇರೆ ಯಾವುದನ್ನೂ ಹೇಳಲಾಗುವುದಿಲ್ಲ.

ಇವನ ಗ್ರೀನ್ ಕಾರ್ಡಿನ, ಅಂದರೆ ಅಮೆರಿಕದಲ್ಲೇ ನೆಲೆಸುವ ಪರವಾನಗಿಯ ಸಮಾಚಾರ. ನಾನು ಇಲ್ಲಿನ ಪ್ರಜೆ, ಇವನು ನನ್ನ ಗಂಡ ಅಂತ ಅರ್ಜಿ ಹಾಕಿ ಕಾಯುತ್ತಿರುವಾಗಲೇ ಇವನ ಕೆಲಸ ಹೋಯಿತು. ಕೆಲಸದ ವೀಸಾ ಅದರ ಹಿಂದೆಯೇ ಹೋಯಿತು. ಇನ್ನು ಉಳಿದದ್ದು ಒಂದೇ ದಾರಿ, ನಮ್ಮ ಮದುವೆ ನಿಜವಾದ ಮದುವೆ ಅಂತ ಅಧಿಕಾರಿ ಒಪ್ಪಬೇಕು. ಒಪ್ಪದಿದ್ದರೆ ಇವನು ಗಂಟುಮೂಟೆ ಕಟ್ಟಬೇಕು. ಅಗ್ನಿಸಾಕ್ಷಿಯಾಗಿ ಆದ ಮದುವೆಗೆ ಇನ್ನೊಬ್ಬರ ರುಜು ಬೇಕಂತೆ.

ಮದುವೆಯಾದ ಮೇಲೆ ಇಬ್ಬರೂ ಜೊತೆಗೆ ತೆಗೆಸಿಕೊಂಡ ಫೋಟೋ ತನ್ನಿ ಅಂತ ವಕೀಲರು ಹೇಳಿದರು. ರಾಶಿ ಫೋಟೋ ಒಯ್ದೆವು. ಎಲ್ಲದರಲ್ಲೂ ನಾನೊಬ್ಬಳೇ ಇದ್ದೆ, ಯಾಕೆಂದರೆ ಕ್ಯಾಮೆರಾ ಯಾವಾಗಲೂ ಇವನ ಕೈಯಲ್ಲಿ. ವಕೀಲರು ತಿರುವಿ ತಿರುವಿ ನೋಡಿ, ಇದರಲ್ಲಿ ನೀವು ಒಬ್ಬರೇ ಮದುವೆಯಾದ ಹಾಗಿದೆ ಅಂದರು. ಪರಿಚಯದವರಿಂದ, ಇವರ ಸಂಸಾರ ನಾವು ಕಂಡಿದ್ದೇವೆ ಅಂತ ನೋಟರಿ ಮುಂದೆ ಪ್ರಮಾಣಪತ್ರ ಮಾಡಿಸಿ ಅಂದರು.

ಆಗ ನಾವು ವುಡ್‌ಬ್ರಿಡ್ಜ್‌ನಲ್ಲಿ ಅಪಾರ್ಟ್‌ಮೆಂಟಿನಲ್ಲಿದ್ದೆವು. ಕೆಳಗಿನ ಮನೆಯಲ್ಲಿ ಮಂಡ್ಯದ ಕಡೆಯ ಒಬ್ಬರು ಆಂಟಿ. ನಮ್ಮಮ್ಮನ ಗೆಳತಿ. ಅವರನ್ನೇ ಕೇಳಿದೆ. ಬರೆದು, ಮೊಹರು ಹಾಕಿಸಿ ತಂದುಕೊಟ್ಟರು. ಓದಿದೆ. ಆಂಟಿ ಹೀಗೆ ಬರೆದಿದ್ದರು:

"ನಾನು ಈ ಮದುವೆಗೆ ಮೊದಲಿನಿಂದಲೂ ವಿರೋಧವಾಗಿದ್ದೆ. ಹುಡುಗಿಯ ತಾಯಿಗೆ ಬೇಡ ಅಂತ ಹೇಳಿದ್ದೆ. ಯಾರೂ ನನ್ನ ಮಾತು ಕೇಳಲಿಲ್ಲ. ಇವತ್ತು ಮುರಿಯುತ್ತೆ, ನಾಳೆ ಮುರಿಯುತ್ತೆ ಅಂತ ಕಾದೆ. ಮುರಿಯಲಿಲ್ಲ. ನಮ್ಮ ಕಟ್ಟಡದ ನೆಲ ತೆಳು, ಇವರ ಜಗಳ ನನಗೆ ದಿನಾ ಕೇಳಿಸುತ್ತದೆ. ಸಾರಿಗೆ ಉಪ್ಪು ಕಡಿಮೆ ಅಂತ ಒಮ್ಮೆ, ಅವನು ಇಡೀ ದಿನ ಬಿಸಿನೀರು ಕುಡಿಯುತ್ತಾನೆ ಅಂತ ಒಮ್ಮೆ. ಬರೀ ಕಾಗದಕ್ಕೆ ಮದುವೆಯಾದವರು ಇಷ್ಟು ಕಷ್ಟಪಟ್ಟು ಜಗಳ ಆಡುವುದಿಲ್ಲ. ಆಮೇಲೆ ಪಾತ್ರೆ ತೊಳೆಯುವುದು ಅವನೇ. ಈಗಲೂ ನನಗೆ ಒಪ್ಪಿಗೆಯಿಲ್ಲ."

ನಾನು ಕೆಳಗಿಳಿದು ಹೋಗಿ, ನೀವು ಮಾಡಿದ್ದು ಸರಿಯೇ ಆಂಟಿ, ನನ್ನ ಗಂಡನನ್ನು ಓಡಿಸಬೇಕು ಅಂತಲೇ ಬರೆದಿರಾ ಅಂತ ಕೇಳಿದೆ. "ನೋಟರಿ ಮುಂದೆ ಸುಳ್ಳು ಹೇಳೋಕಾಗುತ್ತೇನಮ್ಮ" ಅಂದರು. ವಕೀಲರಿಗೆ ತೋರಿಸಿ ಹರಿದು ಹಾಕೋಣ ಅಂದರೆ, ಅವರು ಕೈಯಿಂದ ಕಸಿದುಕೊಂಡು, ಇದನ್ನೇ ಎಲ್ಲಕ್ಕಿಂತ ಮೇಲಿಡುತ್ತೇನೆ ಅಂದರು.

ಸಂದರ್ಶನದ ದಿನ ಅಧಿಕಾರಿ ಒಬ್ಬಾಕೆ, ಮುಖದಲ್ಲಿ ನಗುವೇ ಇಲ್ಲ. ಮೇಲಿನ ಹಾಳೆ ತೆಗೆದು ಓದಲು ಶುರುಮಾಡಿದಳು. ಓದಿ ಮುಗಿಸಿ, ಕನ್ನಡಕ ತೆಗೆದಿಟ್ಟು, ಇವರು ಬಿಸಿನೀರು ಕುಡಿದರೆ ನಿಮಗೇನು ತೊಂದರೆ ಅಂತ ನನ್ನನ್ನು ಕೇಳಿದಳು. ನಾನು ತಡೆಯಲಾರದೆ, ಕುಡಿಯಲಿ ಮೇಡಂ, ಆದರೆ ನನ್ನ ಕಾಫಿ ಪಾತ್ರೆಯಲ್ಲೇ ಯಾಕೆ ಕಾಯಿಸಬೇಕು ಅಂದೆ. ಇವನು, ಮನೆಯಲ್ಲಿರುವ ಒಳ್ಳೆ ಪಾತ್ರೆ ಅದೊಂದೇ, ಅದಕ್ಕೆ ಅಂದ. ಒಳ್ಳೆಯದಾಗಿರೋದು ನಾನು ಅದರಲ್ಲಿ ನೀರು ಕಾಯಿಸದೆ ಇಟ್ಟುಕೊಂಡಿದ್ದಕ್ಕೆ ಅಂತ ನಾನು ಅವನ ಕಡೆ ತಿರುಗಿದೆ. ಆಕೆ ಕೈಯೆತ್ತಿ ನಿಲ್ಲಿಸಿದಳು.

"ಬೇಕಾದವರು ಏನು ಬೇಕಾದರೂ ಬರೆದುಕೊಡುತ್ತಾರೆ. ಬೇಡದವರು ನಿಮ್ಮ ಪರವಾಗಿ ಸುಳ್ಳು ಬರೆಯುವುದಿಲ್ಲ" ಅಂತ ಹೇಳಿ ಕಡತ ಮುಚ್ಚಿದಳು. ಕೆಲವು ವಾರಕ್ಕೆ ಕಾರ್ಡ್ ಮನೆಗೆ ಬಂತು.

ಸುದ್ದಿ ಹರಡಲು ಎಷ್ಟು ಹೊತ್ತು? ಆಂಟಿಗೆ ಈಗ ಬಿಡುವಿಲ್ಲ. ನಮ್ಮವರ ಮಕ್ಕಳು ಯಾರು ಯಾವ ದೇಶದವರನ್ನು ಮದುವೆಯಾದರೂ, ಮೊದಲ ಕರೆಯೋಲೆ ಹಿಡಿದುಕೊಂಡು ಅವರ ಮನೆಗೇ ಹೋಗುತ್ತಾರೆ. ಹಣ್ಣು ಹೂವು ಕೊಟ್ಟು, ಕಾಲಿಗೆ ಬಿದ್ದು ಕೇಳಿಕೊಳ್ಳುತ್ತಾರೆ: "ಆಂಟಿ, ದಯವಿಟ್ಟು ನಮಗೂ ಸ್ವಲ್ಪ ವಿರೋಧ ಮಾಡಿ."